ಎರಡು ಕ್ರೆಡಿಟ್ಟಿನ ವಿಷಯಕ್ಕೆ ನಾನು ಹಾಕಿಸಿದ ಸಹಿ

ಮಾನ್ಯ ಪರೀಕ್ಷಾ ನಿಯಂತ್ರಕರೇ,

ನನ್ನ ವಿದ್ಯಾರ್ಥಿನಿಯೊಬ್ಬರಿಗೆ ಮತ್ತೊಂದು ಪರೀಕ್ಷೆ ಕೇಳಿದ ಮನವಿಗೆ ನಿಮ್ಮ ಕಚೇರಿಯ ಉತ್ತರ ಕೈಸೇರಿತು. "ವಿದ್ಯಾರ್ಥಿನಿಯು ಸ್ವಇಚ್ಛೆಯಿಂದ ವಿಷಯವನ್ನು ಆಯ್ದುಕೊಂಡಿರುವುದರಿಂದ ಎರಡನೇ ಅವಕಾಶಕ್ಕೆ ನಿಯಮದಲ್ಲಿ ಎಡೆಯಿಲ್ಲ" ಎಂದು ಒಂದೂವರೆ ಸಾಲಿನಲ್ಲಿ ಕೈತೊಳೆದುಕೊಂಡಿದ್ದೀರಿ. ಆ ಸ್ವಇಚ್ಛೆ ನನ್ನದು. ಅರ್ಜಿಯಲ್ಲಿ ವಿಷಯದ ಹೆಸರು ಬರೆದವನು ನಾನು. ಆಕೆಯದು ಕೆಳಗಿನ ಸಹಿ ಮಾತ್ರ. ಇದನ್ನು ನಿಮ್ಮ ಕಿಟಕಿಯಲ್ಲಿ ಹೇಳಲು ಮೂರು ಸಲ ಬಂದೆ. ಮೂರು ಸಲವೂ ಊಟದ ವಿರಾಮವಿತ್ತು. ಹಾಗಾಗಿ ಈಗ ಈ ಬಹಿರಂಗ ಪತ್ರದಲ್ಲಿ ಎಲ್ಲರೆದುರು ಹೇಳುತ್ತಿದ್ದೇನೆ.

ನಾನು ಸಂಜೆ ಕಾಲೇಜಿನಲ್ಲಿ ಇತಿಹಾಸ ಹೇಳಿಕೊಡುವ ಮೇಷ್ಟ್ರು. ನಿಮ್ಮದೊಂದು ಸುತ್ತೋಲೆಯ ಕೃಪೆಯಿಂದ ನಲವತ್ತು ಮಂದಿಗೆ ಮಾರ್ಗದರ್ಶಕನೂ ಹೌದು. ಮಾರ್ಗ ಗೊತ್ತಿದೆಯೇ ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲು ಹೋಗಲಿಲ್ಲ. ಆ ನಲವತ್ತರಲ್ಲಿ ಒಬ್ಬರು ಆಸ್ಪತ್ರೆಯ ಅಡುಗೆಮನೆಯಲ್ಲಿ ದುಡಿಯುವ ಹೆಂಗಸು. ವಯಸ್ಸು ಮೂವತ್ತನಾಲ್ಕು. ಯಾವ ರೋಗಿಯ ತಟ್ಟೆಗೆ ಯಾವುದು ಎಷ್ಟು ಗ್ರಾಂ ಎಂದು ತೂಗಿ ಹಾಕುವುದು ಅವರ ಕೆಲಸ. ಹಗಲು ಅಲ್ಲಿ ನಿಂತು, ಸಂಜೆ ಇಲ್ಲಿ ಕೂತು, ನಾಲ್ಕು ವರ್ಷದಲ್ಲಿ ಪದವಿ ಮುಗಿಸಿದರು. ಶಿಕ್ಷಕಿಯಾಗಬೇಕೆಂಬುದು ಆಸೆ. ತರಬೇತಿಗೆ ಸೇರಲು ಒಟ್ಟು ಸರಾಸರಿ ಹತ್ತಕ್ಕೆ ಆರೂವರೆ ಬೇಕು. ಅವರಿಗೆ ಬಂದದ್ದು ಆರು ಪಾಯಿಂಟ್ ನಾಲ್ಕು ಒಂದು.

ನಿಮ್ಮ ವಿಶ್ವವಿದ್ಯಾಲಯ ಸರಾಸರಿ ಏರಿಸಿಕೊಳ್ಳಲು ಸುಧಾರಣಾ ಪರೀಕ್ಷೆ ಎಂಬ ಉದಾರ ಅವಕಾಶ ಕೊಡುತ್ತದೆ. ಒಂದೇ ವಿಷಯ, ಒಂದೇ ಸಲ. ಆಕೆ ಅಂಕಪಟ್ಟಿ ಹಿಡಿದು ನನ್ನ ಮೇಜಿನ ಮುಂದೆ ನಿಂತರು.

"ಸಾರ್, ಯಾವುದಕ್ಕೆ ಕಟ್ಲಿ? ಮನಃಶಾಸ್ತ್ರದಲ್ಲಿ ಆರು ಇದೆ, ಪರಿಸರ ಅಧ್ಯಯನದಲ್ಲಿ ಐದು."

ನಾನು ಉತ್ತರಪತ್ರಿಕೆಯಿಂದ ತಲೆ ಎತ್ತಿದ್ದೆನೋ ಇಲ್ಲವೋ. "ಎಲ್ಲಿ ಕಮ್ಮಿ ಇದೆಯೋ ಅಲ್ಲಿ ಏರಿಸ್ಕೊಳ್ಳಿ. ಅಷ್ಟೇ ತಾನೆ?" ಎಂದೆ. ಅರ್ಜಿಯನ್ನೂ ನಾನೇ ತುಂಬಿದೆ, ಉಪಕಾರ ಮಾಡುವವನ ಗತ್ತಿನಲ್ಲಿ.

ಮೂರು ತಿಂಗಳು ಓದಿದರು. ತರಕಾರಿ ಹೆಚ್ಚುತ್ತಾ ಅತ್ತೆಗೆ ಪಾಠ ಒಪ್ಪಿಸುತ್ತಿದ್ದರಂತೆ. "ನಮ್ಮತ್ತೆಗೂ ಈಗ ಓಝೋನ್ ಪದರದ ಚಿಂತೆ ಹತ್ಕೊಂಡಿದೆ ಸಾರ್" ಎಂದು ನಕ್ಕಿದ್ದರು. ಐದರಿಂದ ಒಂಬತ್ತಕ್ಕೆ ಏರಿದರು. ನಾಲ್ಕು ಮೆಟ್ಟಿಲು. ಒಟ್ಟು ಸರಾಸರಿ ಆರು ಪಾಯಿಂಟ್ ನಾಲ್ಕು ಎಂಟಕ್ಕೆ ಬಂದು ನಿಂತಿತು.

ಯಾಕೆಂದು ಆಮೇಲೆ ಕೂತು ಲೆಕ್ಕ ಹಾಕಿದೆ. ಪ್ರತಿ ವಿಷಯದ ಗ್ರೇಡನ್ನು ಅದರ ಕ್ರೆಡಿಟ್ಟಿನಿಂದ, ಅಂದರೆ ಲೆಕ್ಕದಲ್ಲಿ ಆ ವಿಷಯಕ್ಕಿರುವ ತೂಕದಿಂದ ಗುಣಿಸಿ, ಎಲ್ಲವನ್ನೂ ಕೂಡಿಸಿ, ಒಟ್ಟು ಕ್ರೆಡಿಟ್ಟಾದ ನೂರಿಪ್ಪತ್ತರಿಂದ ಭಾಗಿಸಬೇಕು. ಪರಿಸರ ಅಧ್ಯಯನಕ್ಕೆ ಎರಡು ಕ್ರೆಡಿಟ್, ಮನಃಶಾಸ್ತ್ರಕ್ಕೆ ನಾಲ್ಕು. ಪರಿಸರದ ನಾಲ್ಕು ಮೆಟ್ಟಿಲಿಗೆ ಸಿಕ್ಕಿದ್ದು ಎಂಟು ಪಾಯಿಂಟ್. ಮನಃಶಾಸ್ತ್ರದಲ್ಲಿ ಮೂರೇ ಮೆಟ್ಟಿಲು ಏರಿದ್ದರೂ ಹನ್ನೆರಡು ಸಿಗುತ್ತಿತ್ತು, ಸರಾಸರಿ ಆರೂವರೆ ದಾಟುತ್ತಿತ್ತು. ಐದನೇ ತರಗತಿಯ ಗಣಿತ. ಆದರೆ ನಿಮ್ಮ ಅಂಕಪಟ್ಟಿಯಲ್ಲಿ ಗ್ರೇಡ್ ಇದೆ, ಲಾಂಛನವಿದೆ, ನಿಮ್ಮ ಸಹಿಯ ಮೊಹರಿದೆ. ಕ್ರೆಡಿಟ್ ಮಾತ್ರ ಇಲ್ಲ. ಅದು ನಿಯಮಾವಳಿಯ ಎಂಬತ್ತಮೂರನೇ ಪುಟದಲ್ಲಿದೆ. ಅಂಕಪಟ್ಟಿಯಲ್ಲಿ ಒಂದು ಕಾಲಂ ಹೆಚ್ಚಿಗೆ ಅಚ್ಚು ಹಾಕಿದರೆ ವಿಶ್ವವಿದ್ಯಾಲಯದ ಯಾವ ಗುಟ್ಟು ಬಯಲಾಗುತ್ತಿತ್ತು?

ಹೀಗೆ ನಿಮ್ಮನ್ನು ಕೇಳುವಾಗ ನನ್ನ ದನಿ ಜೋರಾಗುವುದಿಲ್ಲ. ಆ ನಿಯಮಾವಳಿ ನನ್ನ ಕಪಾಟಿನಲ್ಲೇ ಇತ್ತು. ಅದರ ಪ್ಲಾಸ್ಟಿಕ್ ಹೊದಿಕೆಯನ್ನೂ ನಾನು ಬಿಚ್ಚಿರಲಿಲ್ಲ.

ಇದಕ್ಕಿಂತ ಕೆಟ್ಟದ್ದನ್ನು ಇನ್ನೂ ಹೇಳಿಲ್ಲ. ಫಲಿತಾಂಶ ಬಂದ ದಿನ ಆಕೆ ಓಡಿ ಬಂದು, "ಒಂಬತ್ತು ಬಂದ್ರೂ ಸಾಲ್ಲಿಲ್ವಲ್ಲ ಸಾರ್, ಎಲ್ಲಿ ತಪ್ಪಾಯ್ತು?" ಎಂದು ಕೇಳಿದಾಗ ನನಗೆ ಗೊತ್ತಿತ್ತು. ಆ ಬೆಳಿಗ್ಗೆ ಫಲಿತಾಂಶ ನೋಡಿದೊಡನೆ ಹೊದಿಕೆ ಬಿಚ್ಚಿ ಓದಿದ್ದೆ. ಆದರೂ ನಾಲಿಗೆ ಹೊರಳಿತು: "ಮೌಲ್ಯಮಾಪನ ಬಿಗಿ ಮಾಡಿದ್ದಾರೆ. ಮರುಮೌಲ್ಯಮಾಪನಕ್ಕೆ ಹಾಕಿ." ನನ್ನ ಮಾತು ನಂಬಿ ಹಾಕಿದರು. ಆರು ವಾರ ಕಾದರು. ಒಂಬತ್ತು ಒಂಬತ್ತಾಗಿಯೇ ಉಳಿಯಿತು. ಅಷ್ಟರಲ್ಲಿ ತರಬೇತಿಯ ಈ ಸರದಿಯ ಪ್ರವೇಶ ಮುಗಿದಿತ್ತು.

ಮರುಮೌಲ್ಯಮಾಪನದ ಫಲಿತಾಂಶ ಬಂದ ಮರುದಿನ ಆಸ್ಪತ್ರೆಗೆ ಹೋದೆ. ಅಡುಗೆಮನೆಯ ಹಿಂಬಾಗಿಲಲ್ಲಿ ಆಕೆ ತಕ್ಕಡಿ ಒರೆಸುತ್ತಿದ್ದರು. ನಿಂತೇ ಎಲ್ಲವನ್ನೂ ಹೇಳಿದೆ, ಸುಳ್ಳಿನ ವಿಷಯವನ್ನೂ. ಬೈಯುತ್ತಾರೆ ಎಂದುಕೊಂಡಿದ್ದೆ, ಬೈದರೆ ಹಗುರಾಗುತ್ತೇನೆ ಎಂಬ ಸ್ವಾರ್ಥವೂ ಇತ್ತು. ಆಕೆ ಒರೆಸುವುದನ್ನು ನಿಲ್ಲಿಸಲಿಲ್ಲ.

"ನಾನು ದಿನಾ ತೂಕ ಹಾಕೋಳು ಸಾರ್. ಒಂದಕ್ಕೆ ಎರಡು, ಇನ್ನೊಂದಕ್ಕೆ ನಾಲ್ಕು ಅಂತ ಹೇಳಿದ್ರೆ ಸಾಕಿತ್ತು, ಮಿಕ್ಕಿದ್ದು ನಾನೇ ನೋಡ್ಕೋತಿದ್ದೆ." ತಕ್ಕಡಿಯ ಇನ್ನೊಂದು ತಟ್ಟೆ ಕೈಗೆತ್ತಿಕೊಂಡು, "ಮೊದ್ಲೇ ಗೊತ್ತಿರ್ಲಿಲ್ಲ ಅನ್ನೋದು ಸರಿ. ಗೊತ್ತಾದ್ಮೇಲೂ ಆರು ವಾರ ಕಾಯಿಸಿದ್ರಲ್ಲ" ಎಂದರು.



ಮಾನ್ಯರೇ, ತಡವಾಗಿಯಾದರೂ ನಿಯಮಾವಳಿಯನ್ನು ಕೊನೆಯ ಪುಟದವರೆಗೆ ಓದಿದ್ದೇನೆ. "ಸಂಸ್ಥೆಯ ಸಿಬ್ಬಂದಿಯ ತಪ್ಪಿನಿಂದ ವಿದ್ಯಾರ್ಥಿಗೆ ನಷ್ಟವಾದಲ್ಲಿ, ಆ ಸಿಬ್ಬಂದಿ ಲಿಖಿತವಾಗಿ ಒಪ್ಪಿಕೊಂಡರೆ, ಮತ್ತೊಂದು ಅವಕಾಶ ನೀಡಬಹುದು" ಎಂದು ನೂರಹನ್ನೊಂದನೇ ಪುಟದಲ್ಲಿದೆ. ಇದುವರೆಗೆ ಯಾರೂ ಅದನ್ನು ಬಳಸಿದ ದಾಖಲೆ ಇಲ್ಲ ಎಂದು ನಿಮ್ಮ ಗುಮಾಸ್ತರು ಹೆಮ್ಮೆಯಿಂದ ಹೇಳಿದರು. ತಪ್ಪೇ ಮಾಡದ ಸಂಸ್ಥೆಯಲ್ಲಿ ಕೆಲಸ ಮಾಡುವ ಭಾಗ್ಯ ನಮ್ಮದು!

ಈ ಪತ್ರವೇ ಆ ಲಿಖಿತ ಒಪ್ಪಿಗೆ. ಆಕೆಗೆ ಮನಃಶಾಸ್ತ್ರದ ಪರೀಕ್ಷೆ ಬರೆಯಲು ಬಿಡಿ. ತರಬೇತಿಯ ಮುಂದಿನ ಸರದಿ ನಾಲ್ಕು ತಿಂಗಳಲ್ಲಿದೆ. ವಯೋಮಿತಿಯ ಪ್ರಕಾರ ಆಕೆಗೆ ಅದೇ ಕೊನೆಯದು. ಅಂಕಪಟ್ಟಿಯಲ್ಲಿ ಕ್ರೆಡಿಟ್ ಅಚ್ಚು ಹಾಕಿ. ನನ್ನ ಮೇಲೆ ಕ್ರಮ ಕೈಗೊಳ್ಳುವುದಿದ್ದರೆ ಕೈಗೊಳ್ಳಿ, ತಕರಾರಿಲ್ಲ. ಆದರೆ ಮೊದಲು ಆಕೆಯ ಅರ್ಜಿ, ಆಮೇಲೆ ನನ್ನ ವಿಚಾರಣೆ. ಕಾಯಿಸಿದ್ದು ಸಾಕಾಗಿದೆ.

ಪರೀಕ್ಷೆ ಸಿಕ್ಕರೆ ಓದುತ್ತೀರಾ ಎಂದು ನಿನ್ನೆ ಆಕೆಯನ್ನು ಕೇಳಿದೆ. "ಪುಸ್ತಕ ಆಗ್ಲೇ ತಂದಿದ್ದೀನಿ. ಈ ಸಲ ಅರ್ಜಿ ನಾನೇ ತುಂಬ್ತೀನಿ ಸಾರ್" ಎಂದರು.

ಇಂತಿ,
ಆಕೆಯ ಆರು ವಾರಗಳನ್ನು ನುಂಗಿದ,
ಇನ್ನೂ ಕಾಗದದ ಮೇಲೆ ಮಾರ್ಗದರ್ಶಕನಾಗಿಯೇ ಉಳಿದಿರುವ
ಇತಿಹಾಸದ ಮೇಷ್ಟ್ರು