ಜಲ್ಲಿಯನ್ನೇ ಕಾಣದ ಮೀನು

ಅಕ್ಟೋಬರ್ ೧೨

ಅಪ್ಪಾ,

ಸಮುದ್ರದ ವಾಸನೆಯೇ ಇಲ್ಲದ ಈ ಕಣಿವೆಗೆ ಇನ್ನೂ ಒಗ್ಗಿಲ್ಲ. ಕಡಲಲ್ಲಿ ಬಲೆ ಕಟ್ಟಿ ಮೀನು ಸಾಕುವ ನಮ್ಮಂಥವರಿಂದ ತಪ್ಪಿಸಿಕೊಂಡು ನದಿಗೆ ಬಂದ ಸಾಕು ಸಾಲ್ಮನ್ ಮೀನುಗಳನ್ನು, ಅವು ಮೊಟ್ಟೆಯಿಡುವ ಮೊದಲೇ ಮುಳುಗಿ ಹುಡುಕಿ ಈಟಿಯಿಂದ ಹೊಡೆಯುವುದು ನನ್ನ ಕೆಲಸ. ನದಿಯ ಮೀನಿನೊಡನೆ ಅವು ಬೆರೆತರೆ ಹುಟ್ಟುವ ಮರಿಗಳು ಬದುಕುವುದೇ ಕಷ್ಟವಂತೆ.

ನಿನ್ನೆ ಮಡುವಿನಲ್ಲಿ ನಲವತ್ತು ಸಾಲ್ಮನ್ ಹರಿವಿಗೆ ಮುಖಮಾಡಿ ಅಲುಗದೆ ನಿಂತಿದ್ದವು. ಒಂದರ ಈಜುರೆಕ್ಕೆ ಮಾತ್ರ ಸಾಕು ಮೀನಿನದರಂತೆ ಸವೆದು ಮೊಂಡಾಗಿತ್ತು. "ನಿಮ್ಮೂರ್ ನೆಂಟ್ರು ಬಂದವ್ರೆ, ಹೋಗಿ ಮಾತಾಡ್ಸ್ಕೊಂಡ್ ಬಾರೇ!" ಎಂದ, ಮೊದಲು ಮುಳುಗಿ ಎದ್ದ ಸಂಗಡಿಗ ತೊರಾಲ್ಫ್.

ಹತ್ತಿರ ಹೋದೆ. ಹೆಣ್ಣು. ಪಕ್ಕಕ್ಕೆ ಮಲಗಿ, ಬಾಲ ಬಡಿದು, ಜಲ್ಲಿಯಲ್ಲಿ ಮೊಟ್ಟೆಗೆ ಗುಂಡಿ ತೋಡುತ್ತಿತ್ತು. ತೊಟ್ಟಿಯಲ್ಲಿ ಹುಟ್ಟಿ, ಬಲೆಯಲ್ಲಿ ಬೆಳೆದ ಮೀನಪ್ಪಾ! ಯಾರು ಕಲಿಸಿದರು ಅದಕ್ಕೆ? ಉಸಿರಾಡುವುದನ್ನೇ ಮರೆತು ನೋಡಿದೆ. ಆಮೇಲೆ ಹೊಡೆದೆ.

ಕಿವಿನೋವು ಕಡಿಮೆಯಾಗಿದೆ. ಇನ್ನೊಂದು ಜೊತೆ ಉಣ್ಣೆಯ ಕಾಲುಚೀಲ ಕಳಿಸಲು ಅಮ್ಮನಿಗೆ ಹೇಳು.

"ತಪ್ಪಿಸ್ಕೊಂಡ್ರೆ ಏನಾಯ್ತು, ಮೇವಿನ ಚೀಲ ಬಿಟ್ರೆ ಅವಕ್ಕೇನ್ ಗೊತ್ತು?" ಎಂದು ನಗುತ್ತಿದ್ದೆಯಲ್ಲ. ಈ ಕಾರ್ಡು ಸಿಕ್ಕ ದಿನವೇ ದೋಣಿ ತೆಗೆದು, ಫ್ಯೋರ್ಡಿನ ಕಡಲ ನೀರಿನಲ್ಲಿರುವ ನಮ್ಮ ಬಲೆಗಳೆಲ್ಲಾದರೂ ಹರಿದಿವೆಯೇ ಎಂದು ನೋಡಿ ಬಾ. ಅವಕ್ಕೆ ಎಲ್ಲಾ ಗೊತ್ತು.

ಗುರೋ