ನಿಂತವರೆಲ್ಲ ಹೊರಟವರಲ್ಲ

ಮಾರ್ಚ್ 3, ಭಾನುವಾರ

ಯಾರದು ಓದುತ್ತಿರುವುದು? ನಾಚಿಕೆಯಿಲ್ಲವೇ? ಮುದುಕಿ ಗೀಚಿದ್ದರಲ್ಲಿ ನಿನ್ನ ಗಂಟೇನಿದೆ? ಮುಚ್ಚಿಟ್ಟು ಹೋಗಿ ಬಟ್ಟೆ ಒಣಹಾಕು. ಅಕ್ಷರ ಕೋಳಿ ಕೆದರಿದ ಹಾಗಿದೆ, ಗೊತ್ತು. ನಾಲ್ಕನೇ ಕ್ಲಾಸು ಓದಿದವಳಿಗೆ ಇಷ್ಟೇ.

ಇವತ್ತು ಪ್ರಾರ್ಥನೆಗೆ ತಡವಾಯಿತು. ಮಂಡಿ ನೋವು. ಹಾಲ್ ತುಂಬಿತ್ತು. ಮೊಮ್ಮಗಳು ನನ್ನನ್ನು ಕಂಡು ಕುರ್ಚಿ ಬಿಟ್ಟು ಎದ್ದಳು. ಅದೇ ಹೊತ್ತಿಗೆ ಪ್ರಾರ್ಥನೆ ನಡೆಸುವ ಹಿರಿಯರು ಮೈಕಿನಲ್ಲಿ, "ಧರ್ಮ ತರಬೇತಿಗೆ ಬರುವ ಮಕ್ಕಳು ಎದ್ದು ನಿಲ್ಲಿ" ಎಂದಿದ್ದರಂತೆ. ಚಪ್ಪಾಳೆಯೋ ಚಪ್ಪಾಳೆ! ನಾನು ಆರಾಮಾಗಿ ಕುಳಿತೆ. ಅವಳು ನಿಂತೇ ಇದ್ದಳು, ಹರಳೆಣ್ಣೆ ಕುಡಿದ ಮುಖ ಮಾಡಿಕೊಂಡು.

ನಮ್ಮಲ್ಲಿ ನಿಂತರೆ ಮುಗಿಯಿತು, ಮಾತು ಕೊಟ್ಟ ಹಾಗೆ. ಹೋದ ವರ್ಷ ನಿಂತು ಆಮೇಲೆ ತರಬೇತಿಯ ಬಸ್ಸು ಹತ್ತದ ದರ್ಜಿಯ ಮಗನೊಡನೆ ಇವತ್ತಿಗೂ ಯಾರೂ ಮಾತಾಡುವುದಿಲ್ಲ.

ಮಾರ್ಚ್ 5

ಸೊಸೆ ಟ್ರಂಕು ಕೆಳಗಿಳಿಸಿದ್ದಾಳೆ. ಮೂರು ತಿಂಗಳ ತರಬೇತಿ. ಫೋನೂ ಇಲ್ಲ. ಮುಂದಿನ ತಿಂಗಳು ಒಂದನೇ ತಾರೀಖು ಬಸ್ಸು.

ಮೊಮ್ಮಗಳು ಕನ್ನಡಕದ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದಾಳೆ. ಗಾಜು ಉಜ್ಜುವ ಮಿಷನ್ನಿಗೆ ಈಗಷ್ಟೇ ಕೂರಿಸಿದ್ದಾರೆ. ಹೋದರೆ ಆ ಜಾಗಕ್ಕೆ ಬೇರೆಯವರು ಎಂದಿದ್ದಾನೆ ಅಂಗಡಿಯವನು.

"ಅಮ್ಮಾ, ನಾನು ಎದ್ದಿದ್ದು ಅಜ್ಜಿಗೆ ಜಾಗ ಬಿಡೋಕೆ!"

"ಎದ್ದಿದ್ದು ನಿಜ ತಾನೇ? ಈಗ ಕೂತ್ಕೊಂಡ್ರೆ ನಾಲ್ಕು ಜನ ಏನಂತಾರೆ?"

ಆ ನಾಲ್ಕು ಜನ ಯಾರೆಂದು ಮದುವೆಯಾದಾಗಿನಿಂದ ಹುಡುಕುತ್ತಿದ್ದೇನೆ. ಒಬ್ಬರೂ ಸಿಕ್ಕಿಲ್ಲ.

ಮಾರ್ಚ್ 9, ಸಂಜೆ

ಸಿಕ್ಕರು. ಮನೆಗೇ ಬಂದರು. ಪ್ರಾರ್ಥನೆಯ ಹೆಂಗಸರು. ಟೀ ಕುಡಿದರು. ಹುಡುಗಿಯ ತಲೆ ಸವರಿ "ಪುಣ್ಯ ಮಾಡಿದ್ದೀಯಮ್ಮಾ" ಎಂದರು. ಟೇಪು ತೆಗೆದು ಯೂನಿಫಾರ್ಮಿಗೆ ಅಳತೆ ತೆಗೆದುಕೊಂಡರು. ಬರುತ್ತೀಯಾ ಎಂದು ಮಾತ್ರ ಯಾರೂ ಕೇಳಲಿಲ್ಲ.

"ಅಲ್ಲಿ ಏನು ಕಲಿಸ್ತಾರೆ?" ಎಂದೆ.

"ಹೇಳೋ ಹಾಗಿಲ್ಲ ಅಜ್ಜಿ. ಹೋದವರಿಗೇ ಗೊತ್ತಾಗೋದು."

ಮೊಣಕೈಗೆ ಬೆಲ್ಲ ಸವರಿ ಹೋದರು!

ಮಾರ್ಚ್ 14

ತಡೆಯಲಾಗಲಿಲ್ಲ. ಬಸ್ಸು ಹಿಡಿದು ತರಬೇತಿಯ ಕಟ್ಟಡಕ್ಕೇ ಹೋದೆ. ಗೇಟಿನಿಂದ ಇಣುಕಿದೆ. ಈಗಿನ ತಂಡದ ಹುಡುಗಿಯರು ಪಾತ್ರೆ ತೊಳೆಯುತ್ತಾ ಹಾಡುತ್ತಿದ್ದರು, ಚೆನ್ನಾಗಿಯೇ. ಒಬ್ಬಳು ಮಾತ್ರ ಹಾಡದೆ ರಸ್ತೆಯನ್ನೇ ನೋಡುತ್ತಿದ್ದಳು. ಎಂಥ ಜಾಗವೋ... ತಿಳಿಯಲಿಲ್ಲ.

ನಮ್ಮ ಹಿರಿಯರು ಅಲ್ಲೇ ಇದ್ದರು, ಕೂರಿಸಿ ನೀರು ಕೊಟ್ಟರು.

"ನಿಂತವಳು ಆಮೇಲೆ ಬೇಡ ಅನ್ನಬಹುದೇನ್ರೀ?"

ಗಡ್ಡ ಕೆರೆದುಕೊಂಡರು. "ಇದುವರೆಗೆ ಯಾರೂ ಕೇಳಿಲ್ಲ ಅಜ್ಜಿ."

"ಈಗ ಕೇಳಿದೆನಲ್ಲ. ಅವಳು ಬರಲ್ಲ. ಹೆಸರು ಹೊಡೆದುಹಾಕಿ."

ಕೋಟೆ ಗೆದ್ದವಳ ಹಾಗೆ ಮನೆಗೆ ಬಂದೆ.

ಮಾರ್ಚ್ 15

ಸೊಸೆ ಮಾತು ಬಿಟ್ಟಿದ್ದಾಳೆ. ಅದು ಲಾಭವೇ. ಮೊಮ್ಮಗಳಾದರೂ ಕುಣಿಯುತ್ತಾಳೆ ಎಂದುಕೊಂಡಿದ್ದೆ.

"ಅವರು ನನ್ನ ಬದಲು ಹೂಂ ಅಂದ್ರು. ನೀನು ನನ್ನ ಬದಲು ಉಹೂಂ ಅಂದೆ. ಏನು ವ್ಯತ್ಯಾಸ ಅಜ್ಜಿ?"

ಎದ್ದು ಅಕ್ಕಿ ಆರಿಸಲು ಕೂತೆ. ಆರಿಸಿದ್ದನ್ನೇ ಮತ್ತೆ ಆರಿಸಿದೆ!

ಮಾರ್ಚ್ 24

ಹಿರಿಯರು ಹೇಳಿ ಕಳಿಸಿದ್ದಾರೆ: ಹೆಸರು ಇನ್ನೂ ಹೊಡೆದುಹಾಕಿಲ್ಲ, ಬಸ್ಸಿನಲ್ಲಿ ಜಾಗ ಇದೆ, ಹೂಂ ಆಗಲಿ ಉಹೂಂ ಆಗಲಿ ಹುಡುಗಿಯೇ ಹೇಳಲಿ. ಅಂಗಡಿಯವನೂ ಕಾಯುತ್ತಿದ್ದಾನೆ. ಇವಳು ತುಟಿ ಬಿಚ್ಚುವುದಿಲ್ಲ.

ಒಳಗೊಳಗೇ ಹೋಗುವ ಆಸೆ ಇದೆಯೋ? ಆ ಹುಡುಗಿಯರ ಹಾಡಿನ ಸುದ್ದಿ ಎತ್ತಿದೆ, ತಲೆ ಬಾಚುತ್ತಿದ್ದವಳ ಕೈ ನಿಂತಿತು. ಮಿಷನ್ನಿನ ಸುದ್ದಿ ಎತ್ತಿದೆ, ಆಗಲೂ ನಿಂತಿತು.

ಹುಟ್ಟಿದಾಗಿನಿಂದ ನನ್ನ ಪಕ್ಕದಲ್ಲೇ ಮಲಗುವ ಹುಡುಗಿ. ಅವಳ ಮನಸ್ಸಿನಲ್ಲಿ ಏನಿದೆಯೋ ಗೊತ್ತಿಲ್ಲ ನನಗೆ.

ಮಾರ್ಚ್ 27, ಮಧ್ಯಾಹ್ನ

ಇದನ್ನು ಕದ್ದು ಓದುವವಳು ನೀನೇ ಅಂತ ಗೊತ್ತು ಕಣೇ. ಎದುರಿಗೆ ಕೇಳಿದರೆ ನನ್ನ ಮುಖ ನೋಡಿಕೊಂಡು ಉತ್ತರ ಕೊಡುತ್ತೀಯ. ಅದು ಬೇಡ. ಇಲ್ಲೇ ಕೇಳುತ್ತೇನೆ — ನಿನಗೆ ಹೋಗಬೇಕಾ, ಬೇಡವಾ? ಹೋಗುವುದಾದರೆ ಟ್ರಂಕಿಗೆ ಬೀಗ ನಾನೇ ಹುಡುಕಿಕೊಡುತ್ತೇನೆ. ಬೇಡವಾದರೆ ನಿಮ್ಮಮ್ಮನನ್ನು ನನಗೆ ಬಿಡು. ಆ ನಾಲ್ಕು ಜನರನ್ನೂ.

ಕೆಳಗೆ ಜಾಗ ಬಿಟ್ಟಿದ್ದೇನೆ. ಮುಂದಿನ ತಿಂಗಳು ಹುಟ್ಟುವ ಮೊದಲು ಬರೆದಿಡು. ಅಜ್ಜಿಗೆ ಯಾವುದು ಇಷ್ಟ ಅಂತ ಮಾತ್ರ ಯೋಚಿಸಬೇಡ.