ಹದಿನಾರರ ಗೆರೆ

ಮಾರ್ಚ್ 3, ಸಂಜೆ

ಕ್ಲಿನಿಕ್ ಕೆಲಸ ಮುಗಿಸಿ ಬಂದವಳೇ ಟೇಪ್ ಹಿಡಿದೆ. ಇಪ್ಪತ್ತೆರಡಕ್ಕೆ ಮಗಳ ಶಾಲೆಯ ಕಾರ್ಯಕ್ರಮ. ವೇದಿಕೆಯ ಮೇಲೆ ಒಬ್ಬಳೇ ಹಾಡುತ್ತಾಳೆ. ಅದಕ್ಕೊಂದು ಉದ್ದ ಗೌನು, ನನ್ನ ಕೈಯ ಹೊಲಿಗೆ. ಕಡುನೀಲಿ ಬಟ್ಟೆ ಅವಳೇ ಆರಿಸಿದ್ದು.

ಎದೆ 38, ಸೊಂಟ 30. ಪ್ಯಾಟರ್ನ್, ಅಂದರೆ ಗೌನಿನ ಕಾಗದದ ಮಾದರಿ, ಬಂದ ಲಕೋಟೆಯ ಹಿಂದಿನ ಪಟ್ಟಿ ನೋಡಿದೆ — ಸೈಜ್ 16. ಅಂಗಡಿಯಲ್ಲಿ ಕೊಳ್ಳುವಾಗ ಹನ್ನೆರಡು ಸಾಕಾಗುತ್ತದಲ್ಲ. ಇನ್ನೊಮ್ಮೆ ಅಳೆದೆ, ಟೇಪ್ ತುಸು ಬಿಗಿ ಹಿಡಿದು. ಆಗಲೂ ಅಷ್ಟೇ.

"ಎಷ್ಟಮ್ಮಾ ನನ್ನ ಸೈಜು?"

"ಹದಿನಾಲ್ಕು," ಎಂದೆ. ಬಾಯಿಗೆ ಬಂದದ್ದೇ ಹಾಗೆ.

ಮಾರ್ಚ್ 4

ಕೆಳಗಿನ ಮನೆಯ ಟೈಲರಮ್ಮನನ್ನು ಕೇಳಿದೆ. ಮಗಳ ಅಳತೆ ಎನ್ನಲಿಲ್ಲ, "ಯಾರೋ ಒಬ್ಬರದ್ದು" ಎಂದೆ.

"ಅಂಗಡಿ ನಂಬರೇ ಬೇರೆ, ಪ್ಯಾಟರ್ನ್ ನಂಬರೇ ಬೇರೆ ಕಣಮ್ಮಾ. ನಂಬರ್ ನೋಡಿ ಯಾಕೆ ಗಾಬರಿ? ಟೇಪ್ ಯಾವುದು ಹೇಳುತ್ತೋ ಆ ಗೆರೆ ಮೇಲೆ ಕತ್ತರಿಸಿ. ಅನುಮಾನ ಇದ್ರೆ ಹಳೇ ಬೆಡ್‌ಶೀಟಲ್ಲಿ ಒಂದ್ಸಲ ಹೊಲಿದು, ಹಾಕಿಸಿ ನೋಡಿ."

ತಲೆಯಾಡಿಸಿ ಬಂದೆ. ಬೆಡ್‌ಶೀಟ್ ತೆಗೆಯಲಿಲ್ಲ. ಪ್ಯಾಟರ್ನ್ ಕಾಗದದ ಮೇಲೆ ಒಂದೊಂದು ಸೈಜಿಗೆ ಒಂದೊಂದು ಗೆರೆ; ಒತ್ತೊತ್ತಾಗಿವೆ, ನಡುವೆ ಬೆರಳಗಲವೂ ಇಲ್ಲ. ಹದಿನಾಲ್ಕರ ಗೆರೆ ಹಿಡಿದು ಕಾಗದ ಕತ್ತರಿಸಿ, ಅದನ್ನಿಟ್ಟು ಬಟ್ಟೆಯನ್ನೂ ಕತ್ತರಿಸಿದೆ. ಇನ್ನೂ ಹದಿನೆಂಟು ದಿನ ಇದೆ, ಅಷ್ಟರಲ್ಲಿ ಸ್ವಲ್ಪ ಇಳಿಯುತ್ತಾಳೆ...

ಸುಳ್ಳು. ಮುಂದಿನ ಸಾಲಿನಲ್ಲಿ ನಾದಿನಿ ಕೂತಿರುತ್ತಾಳೆ, ಪಕ್ಕದಲ್ಲಿ ಕಡ್ಡಿಯಂಥ ಅವಳ ಮಗಳು. ಅದೇ ಕಾರಣ.

ಮಾರ್ಚ್ 15

ಜಿಪ್ ಬೆನ್ನಿನ ಅರ್ಧಕ್ಕೆ ನಿಂತಿತು. ಅವಳು ಹೊಟ್ಟೆ ಒಳಗೆಳೆದುಕೊಂಡಳು, ನಾನು ಜಿಪ್ ಎಳೆದೆ. ಅಂತೂ ಬಂತು.

"ಬಿಗಿ ಅನ್ಸಲ್ವಾ?"

"ನಿನ್ನ ಅಳತೆಗೇ ಕತ್ತರಿಸಿದ್ದು. ಒಂದು ವಾರ ಬಾಯಿ ಕಟ್ಟು, ಸರಿಹೋಗುತ್ತೆ."

ಊಟಕ್ಕೆ ಕೂತಾಗ ಎರಡನೇ ಸಲ ಬಡಿಸಿಕೊಳ್ಳಲಿಲ್ಲ. ನನಗೆ ಖುಷಿಯಾಯಿತು. ದೇವರೇ, ಖುಷಿಯಾಯಿತು.

ಮಾರ್ಚ್ 22

ಮೊದಲ ಚರಣ ಚೆನ್ನಾಗಿಯೇ ಹಾಡಿದಳು. ಎರಡನೆಯದರಲ್ಲಿ ದನಿ ಮೇಲಕ್ಕೇರಿ ನಿಲ್ಲಬೇಕು. ನಿಲ್ಲಲಿಲ್ಲ, ಕಡಿಯಿತು. ಮತ್ತೆ ಎತ್ತಿಕೊಂಡಳು, ಮತ್ತೆ ಕಡಿಯಿತು. ಕೈ ಪಕ್ಕೆಗೆ ಹೋಯಿತು. ಮರೆತಿದ್ದಾಳೆಂದು ಸಂಗೀತದ ಟೀಚರ್ ಪರದೆಯ ಹಿಂದಿನಿಂದ ಸಾಲು ಹೇಳಿಕೊಟ್ಟರು. ಮರೆತಿರಲಿಲ್ಲ. ಉಸಿರಿರಲಿಲ್ಲ. ಆಮೇಲೆ ಚಪ್ಪಾಳೆ — ಕನಿಕರದ್ದು.

ವಾಪಸ್ ಬರುವಾಗ ಬಸ್ಸಿನಲ್ಲಿ ಹೇಳಿದಳು: "ಸಾರಿ ಅಮ್ಮಾ. ನೀನು ಅಷ್ಟು ಕಷ್ಟಪಟ್ಟು ಹೊಲಿದೆ. ನಾನೇ ಊದ್ಕೊಂಡಿದೀನಿ."

ಕಿಟಕಿಯ ಹೊರಗೆ ನೋಡುತ್ತ ಕೂತೆ.

ಮಾರ್ಚ್ 29

ಒಂದು ವಾರ ಬರೆಯಲು ಮುಖವಿರಲಿಲ್ಲ. ಅವಳ ಊಟದ ಡಬ್ಬಿಗೆ ಹಾಕಿ ಕಳಿಸಿದ್ದು ಹಾಗೇ ವಾಪಸ್ ಬರುತ್ತಿತ್ತು. ನೋಡಿಯೂ ಸುಮ್ಮನಿದ್ದೆ.

ಇವತ್ತು ಶಾಲೆಯಿಂದ ಕ್ಲಿನಿಕ್ಕಿಗೆ ಫೋನು. ಮೆಟ್ಟಿಲ ಹತ್ತಿರ ತಲೆಸುತ್ತಿ ಬಿದ್ದಿದ್ದಾಳೆ. ಓಡಿದೆ. ಬೆಂಚಿನ ಮೇಲೆ ಮಲಗಿಸಿದ್ದರು, ಮುಖ ಬಿಳಿಚಿಕೊಂಡಿತ್ತು. ನನ್ನನ್ನು ಕಂಡು ನಕ್ಕಳು. "ಇನ್ನೊಂದಿಂಚು ಇಳಿದ್ರೆ ಆಯ್ತಮ್ಮಾ, ಗೌನು ಸರಿಹೋಗುತ್ತೆ."

ಮನೆಗೆ ಕರೆತಂದು ಹೇಳಿದೆ. "ತಪ್ಪು ಗೌನಿನದ್ದು, ನಿನ್ನದಲ್ಲ. ನಿನ್ನ ಅಳತೆ ಹದಿನಾರಕ್ಕಿತ್ತು. ನಾನು ಹದಿನಾಲ್ಕಕ್ಕೆ ಕತ್ತರಿಸಿದೆ."

"ಗೆರೆ ತಪ್ಪಿತಾ?"

ಹೌದು ಎಂದಿದ್ದರೆ ಮುಗಿದುಹೋಗುತ್ತಿತ್ತು. ಅವಳೇ ನನಗೆ ದಾರಿ ಬಿಟ್ಟಿದ್ದಳು.

"ಇಲ್ಲ. ಗೊತ್ತಿದ್ದೇ ಮಾಡಿದೆ."

"ಯಾಕೆ?"

"ನಾಚಿಕೆ ಆಯ್ತು."

"ನನ್ನಿಂದನಾ?"

ನಾನು ನೆಲ ನೋಡಿದೆ. ಅದೇ ಉತ್ತರವಾಯಿತು. ಎದ್ದು ಕೋಣೆಗೆ ಹೋದಳು. ಬಾಗಿಲು ಬಡಿಯಲಿಲ್ಲ, ಮೆಲ್ಲಗೆ ಹಾಕಿಕೊಂಡಳು.

ಏಪ್ರಿಲ್ 2

ಮಾತಿಲ್ಲ. ತಟ್ಟೆಯನ್ನು ಕೋಣೆಗೇ ಒಯ್ಯುತ್ತಾಳೆ. ಖಾಲಿಯಾಗಿ ಬರುತ್ತಿದೆ. ಸದ್ಯ.

ಗೌನಿನ ಹೊಲಿಗೆ ಬಿಚ್ಚಿ ನೋಡಿದೆ. ಅಗಲ ಮಾಡಲು ಒಳಗೆ ಬಟ್ಟೆಯೇ ಬಿಟ್ಟಿಲ್ಲ. ಹೊಸದು ಕತ್ತರಿಸೋಣವೆಂದರೆ ಕಾಗದದಲ್ಲಿ ಹದಿನಾರರ ಗೆರೆಯೇ ಇಲ್ಲ. ಆ ಅಂಚುಗಳನ್ನು ಅವತ್ತೇ ಮುದುರಿ ಕಸಕ್ಕೆ ಹಾಕಿದ್ದೆ.

ಏಪ್ರಿಲ್ 5, ಮಧ್ಯಾಹ್ನ

ಶಾಲೆಗೆ ರಜೆ. ಬೆಳಿಗ್ಗೆ ಎಲ್ಲಿಗೋ ಹೋಗಿ ಬಂದಳು. ಕೈಯಲ್ಲಿ ಒಂದು ಲಕೋಟೆ — ಪ್ಯಾಟರ್ನ್, ಸ್ಕರ್ಟಿನದು. ನನಗೆ ತೋರಿಸಲಿಲ್ಲ. ಮಷಿನ್ ಡ್ರಾಯರಿನಿಂದ ಟೇಪ್ ತೆಗೆದುಕೊಂಡು ಒಳಗೆ ಹೋದಳು. ಕೇಳದೆ ಸಹಾಯಕ್ಕೆ ಹೋಗುವ ಹಕ್ಕು ನನಗಿಲ್ಲ. ಇಲ್ಲೇ ಕೂತು ಬರೆಯುತ್ತಿದ್ದೇನೆ.

ಈಗ ಬಾಗಿಲು ತೆರೆದ ಸದ್ದು.

"ಅಮ್ಮಾ, ಬೆನ್ನ ಹಿಂದೆ ಟೇಪ್ ನೆಟ್ಟಗೆ ನಿಲ್ತಿಲ್ಲ. ಹಿಡ್ಕೋ ಬಾ. ನಂಬರ್ ನಾನೇ ಓದ್ತೀನಿ."

ಏಳು ದಿನಕ್ಕೆ ಮೊದಲ ಮಾತು. ಪೆನ್ನು ಕೆಳಗಿಡುತ್ತಿದ್ದೇನೆ. ಹೋಗಿ ಅವಳ ಬೆನ್ನ ಹಿಂದೆ ನಿಂತು ಟೇಪ್ ಹಿಡಿಯುತ್ತೇನೆ, ನಂಬರ್ ಅವಳೇ ಓದಲಿ.